ಮೇಷ್ಟ್ರಿಗೆ ಒಂದೇ ಪ್ರಶ್ನೆ

ಏನ್ರೀ ಮೇಷ್ಟ್ರೇ,

ಏಳು ಗಂಟೆಗೆ ಹೊರಡೋದು ಅಂತ ನಿಮಗೆ ಹೇಳಿದ್ದು ಸುಳ್ಳು. ಅಣ್ಣ, ಅತ್ತಿಗೆ, ನಾನು, ಮಗಳು ಐದೂವರೆಗೇ ಅಂಬಾಜಿದುರ್ಗಕ್ಕೆ ಹೊರಟ್ವಿ. ಕಾರಲ್ಲಿ ನಿಮ್ಮ ಜಾಗದಲ್ಲಿ ಪುಳಿಯೋಗರೆ ಡಬ್ಬಿ ಕೂತಿದೆ.

ಕೋಟೆ ಬಗ್ಗೆ ನೀವು ವಾರವೆಲ್ಲ ಕೂತು ಬರೆದ ಹಾಳೆಗಳನ್ನ ತಗೊಂಡಿದ್ದೀನಿ. ಬಂಡೆ ಮೇಲೆ ಹಾಸ್ಕೊಂಡು ಕೂರೋಕೆ ಆಗುತ್ತೆ.

ಹನ್ನೊಂದಕ್ಕೆ ನೀರು ಬಿಡ್ತಾರೆ, ಡ್ರಮ್ಮು ತುಂಬಿಸಿ. ಹಾಲು ಕಾಯಿಸ್ಕೊಳ್ಳಿ. ಬಿಪಿ ಮಾತ್ರೆ ಫ್ರಿಜ್ಜಿನ ಮೇಲಿದೆ, ತಿಂಡಿ ತಿಂದ್ಮೇಲೇ ನುಂಗಿ.

ಹೋದ ಸಲ ಗುಡಿಬಂಡೆ ಕೋಟೇಲಿ ಎಲ್ಲರೆದುರು ನನ್ನನ್ನ ನಿಲ್ಲಿಸಿ, ಈ ಬಾಗಿಲು ಕಟ್ಟಿಸಿದ್ದು ಯಾರು ಅಂತ ಕೇಳಿದ್ರಿ. ನನಗೆ ಗೊತ್ತಿರಲಿಲ್ಲ. "ಇವಳಿಗೆ ಅಡುಗೆಮನೆ ಬಿಟ್ರೆ ಇನ್ನೇನ್ ಗೊತ್ತು" ಅಂತ ನಕ್ಕಿರಿ. ಅತ್ತಿಗೆನೂ ನಕ್ಕರು. ಇಳಿಯೋವಾಗ ಮಗಳು ನನ್ನ ಕೈ ಬಿಡಲಿಲ್ಲ, ನೀವು ನೋಡಲಿಲ್ಲ.

ಸಂಜೆ ಎಲ್ಲರೂ ನಮ್ಮನೆಗೇ ಊಟಕ್ಕೆ ಬರ್ತಾರೆ. ಅವರೆದುರೇ ನಿಮ್ಮನ್ನ ನಿಲ್ಲಿಸಿ ಒಂದು ಪ್ರಶ್ನೆ ಕೇಳ್ತೀವಿ. ಪೂರ್ತಿ ದಿನ ಇದೆ, ಓದ್ಕೊಳ್ಳಿ.

ಮಗಳು ಈಗ ಎಷ್ಟನೇ ಕ್ಲಾಸು?

ಫೋನ್ ಮಾಡಿ ಅವಳ ಹತ್ರ ಕೇಳಬೇಡಿ. ಪ್ರಶ್ನೆ ಹಾಕಿಕೊಟ್ಟಿದ್ದೇ ಅವಳು.