ಊಟ ಆತಾ ಎಂದು ಕೇಳುವವರು

ಅತ್ತೆಯವರಿಗೆ ನಮಸ್ಕಾರ. ಈ ಮರಳುನಾಡಿನ ಮಿಲಿಟರಿ ಕ್ವಾರ್ಟರ್ಸಿನಲ್ಲಿ ಮೊನ್ನೆ ಹೆಂಡತಿಯರಿಗೆಲ್ಲ ಒಂದು ಭಾಷಣವಿತ್ತು. ಹಿಂದೆಲ್ಲ ಶತ್ರುಗಳು ಚೆಲುವೆಯರನ್ನು ಅಧಿಕಾರಿಗಳ ಹಾಸಿಗೆಗೇ ಕಳಿಸಿ ಗುಟ್ಟು ಕದಿಯುತ್ತಿದ್ದರಂತೆ. ಈಗ ಫೋನಿನಲ್ಲೇ ಮೋಹದ ಬಲೆ ಬೀಸುತ್ತಾರಂತೆ. ಆ ಬೇಹುಗಾರ್ತಿಯರು ಮೊದಲು ಕೇಳುವುದು ಮೂರೇ ಪ್ರಶ್ನೆ: ಊಟ ಆತಾ, ಎಲ್ಲಿದ್ದೀರಿ, ಯಾವಾಗ ಬರ್ತೀರಿ. ನಾವು ಹೆಂಗಸರು ಮುಖ ಮುಖ ನೋಡಿಕೊಂಡೆವು.

ನಿಮ್ಮ ಮಗನಿಗೂ ಅದೇ ಪಾಠವಾಗಿದೆ. ಪಾಪುವಿನ ಹರ್ನಿಯಾ ಆಪರೇಷನ್ ಬರುವ ತಿಂಗಳು ಇಪ್ಪತ್ತಕ್ಕೆ. "ಅವತ್ತು ಇರ್ತೀರೇನ್ರೀ?" ಎಂದು ಕೇಳಿದರೆ, "ಇದನ್ನ ಕೇಳಾಕೆ ನಿನ್ನ ಯಾರು ಕಳ್ಸಿದ್ರು?" ಎನ್ನುತ್ತಾರೆ. "ನಿಮ್ಮವ್ವನೇ ಆರಿಸಿ ಕಳ್ಸಿದ್ದು" ಎಂದೆ.

ಪಾಪು ರಾತ್ರಿಯೆಲ್ಲ ಮಲಗಗೊಡುವುದಿಲ್ಲ. ನಿದ್ದೆಗೆಟ್ಟ ಈ ಮುಖದಲ್ಲಿ ಮೋಹಿನಿಯ ಲಕ್ಷಣ ಏನೂ ಉಳಿದಿಲ್ಲ. ಅದಕ್ಕೇ ನಿನ್ನೆ ಮಂಡಕ್ಕಿ ಹಚ್ಚಿ, ಮೆಣಸಿನಕಾಯಿ ಕರಿದು ಮುಂದಿಟ್ಟೆ. ಮೂರನೇ ಮೆಣಸಿನಕಾಯಿಗೆ ಬಾಯಿಬಿಟ್ಟರು. ಏನೆಂದರು ಎಂಬುದನ್ನು ಈ ಅಂಚೆ ಕಾರ್ಡಿನಲ್ಲಿ ಬರೆಯುವಂತಿಲ್ಲ, ದಾರಿಯಲ್ಲಿ ಹತ್ತು ಜನ ಓದುತ್ತಾರೆ. ನೀವು ಮಾತ್ರ ಊರು ಉಬ್ರಾಣಿ ಬಿಟ್ಟು ಹತ್ತೊಂಬತ್ತನೇ ತಾರೀಖಿನೊಳಗೆ ಬಂದುಬಿಡಿ. ಆಸ್ಪತ್ರೆಯ ಬಾಗಿಲಲ್ಲಿ ಒಬ್ಬಳೇ ನಿಲ್ಲಲು ನನ್ನಿಂದಾಗದು.

ನಿಮ್ಮ ಸೊಸೆ,
ಸಂಘಮಿತ್ರಾ