ತಾಮ್ರ ತೆಗೆಸಿದ ಕರಡಿಗೆ

ಏನ್ಲಾ ರೇಣುಕಯ್ಯ, ಅಕ್ಕನ ಕಾಗದ ಒಡೆದು ನೋಡದಷ್ಟು ಸೊಕ್ಕೇನೋ ನಿನಗೆ? ಇದನ್ನು ಕಳಿಸುವುದೂ ಇಲ್ಲ, ಬುಡು.

ಲಿಂಗಕ್ಕೆ ಬೆರಕೆ ಬೆಳ್ಳಿ ತಾಗಬಾರದು ಎಂದು ನನ್ನ ಕೊರಳಲ್ಲಿದ್ದ ಅಪ್ಪನ ಬೆಳ್ಳಿ ಕರಡಿಗೆ ಕರಗಿಸಿ, ತಾಮ್ರ ತೆಗೆಸಿ, ಹೊಸದು ಮಾಡಿಸಿಕೊಟ್ಟೆಯಲ್ಲ, ನಿನ್ನೆ ಗುಬ್ಬಿ ಬಸ್ಸಿನಲ್ಲಿ ಅದರ ಕೊಂಡಿ ಬಾಗಿ ಮುಚ್ಚಳ ಬಿಚ್ಚಿಕೊಂಡಿತು. ಬೀಳುತ್ತಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದವಳು ನನ್ನ ಮೊಮ್ಮಗಳು ಮಾಲಿನಿ. ಬೇರೆ ಜಾತಿಯವನ ಮಗಳೆಂದು ನಿನ್ನ ಕುಣಿಗಲ್ ಮನೆಯ ಹೊಸ್ತಿಲು ದಾಟಿಸಲಿಲ್ಲವಲ್ಲ, ಅವಳೇ.

ತುಮಕೂರಿನಲ್ಲಿ ಲೋಹದ ಓದು ಓದುತ್ತಾಳೆ. "ಬೆಳ್ಳಿಯೊಳಗಿನ ಕಣಗಳ ಪದರ ಒಂದರ ಮೇಲೊಂದು ಜಾರದಂಗೆ ತಾಮ್ರ ಅಡ್ಡ ನಿಂತಿತ್ತು ಕಣಜ್ಜಿ. ಪೂರ್ತಿ ಶುದ್ಧ ಮಾಡಿದ್ರೆ ಮೆತ್ತಗಾಗ್ದೆ ಇನ್ನೇನು?" ಎಂದು ನಕ್ಕಳು.

ಕರಡಿಗೆಗೆ ತಾಮ್ರ ಸೇರಿಸಲು ಕೊಟ್ಟಿದ್ದೇನೆ. ಅವಳಿಗೂ ಲಿಂಗಧಾರಣೆ ಮಾಡಿಸುತ್ತೇನೆ, ನಿನ್ನ ಅಪ್ಪಣೆ ಬೇಕಿಲ್ಲ. "ನಿನ್ನ ತವರಿಂದ ಯಾರಾದ್ರೂ ಬರ್ತಾರಾ ಅಜ್ಜಿ?" ಎಂದಳು. ಅದಕ್ಕೇ ಈ ಕಾಗದ ಅಂಚೆಗೆ ಹಾಕುತ್ತಿದ್ದೇನೆ.

ಬರುತ್ತೀಯೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವ ಮೊದಲು ಬರಿ.