ಹಲಗೆಯ ಮೇಲೆ ಹೇಸರಗತ್ತೆ

ಟ್ರೇಸ್ ಫೋರ್ಕ್, ಕೆಂಟಕಿ
ನವೆಂಬರ್ 23, 1997, ಭಾನುವಾರ

ಪ್ರೀತಿಯ ಕೋಚ್ ಟ್ಯಾಕೆಟ್ ಅವರಿಗೆ,

ನಿಮ್ಮ ಹೋಬರ್ಟ್‌ನ ನಮಸ್ಕಾರಗಳು. ಹೇಗಿದ್ದೀರಿ? ಎದೆನೋವು ಮತ್ತೆ ಬಂದಿತ್ತೇ? ಮಾತ್ರೆಯನ್ನು ಊಟವಾದ ಮೇಲೆಯೇ ತೆಗೆದುಕೊಳ್ಳುತ್ತೀರಿ ತಾನೇ? ಅರಿಜೋನಾದಲ್ಲಿ ಚೇಳುಗಳು ಬೂಟಿನೊಳಗೆ ಮಲಗಿರುತ್ತವೆ ಎಂದು ನನ್ನ ಹೆಂಡತಿ ವರ್ನಾ ಟಿವಿಯಲ್ಲಿ ನೋಡಿದಳಂತೆ. ಅಂದಿನಿಂದ ನನಗೆ ಅದೇ ಯೋಚನೆ. ದಯವಿಟ್ಟು ಬೂಟು ಕೊಡವಿ ಹಾಕಿಕೊಳ್ಳಿ.

ನೀವು ಹೋಗಿ ಒಂಬತ್ತು ತಿಂಗಳಾಯಿತು, ಈಗ ಕಾಗದ ಬರೆಯುತ್ತಿದ್ದೇನೆ. ಕ್ಷಮಿಸಿ. ಫೋನ್ ಮಾಡಿದಾಗಲೆಲ್ಲ ನಿಮ್ಮ ಮಗಳು ಎತ್ತಿ, "ಅಪ್ಪ ಮಲಗಿದಾರೆ ಹೋಬಿ ಅಂಕಲ್" ಎನ್ನುತ್ತಾಳೆ. ಇದನ್ನು ಬರೆಯುತ್ತಿರುವ ಕೈ ಡಾರೆಲ್ ಮಲ್ಲಿನ್ಸ್‌ನದು, ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ನಿಮ್ಮ ಫುಲ್‌ಬ್ಯಾಕ್. ನಾನು ತಂಡದ ಬಟ್ಟೆ ಒಗೆಯುವ ನನ್ನ ಕೋಣೆಯಲ್ಲಿ ಕೂತು ಹೇಳುತ್ತಿದ್ದೇನೆ, ಅವನು ಸೋಪಿನ ಡಬ್ಬದ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದಾನೆ. "ತಾತ, ಸ್ವಲ್ಪ ನಿಧಾನ, ಕೈ ಬಿದ್ದೋಗ್ತಿದೆ" ಎನ್ನುತ್ತಿದ್ದಾನೆ. ಅದನ್ನೂ ಬರೆದುಬಿಟ್ಟ ನೋಡಿ.

ಕೋಚ್, ನಾನೊಂದು ಕೆಲಸ ಮಾಡಿದ್ದೇನೆ. ಅದು ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳುವುದು ಬೇಡ. ಪೂರ್ತಿ ಕೇಳಿದ ಮೇಲೆ ನಿಮಗೆ ನನ್ನ ಮುಖ ನೋಡುವುದೇ ಬೇಡ ಅನ್ನಿಸಬಹುದು. ಅನ್ನಿಸಿದರೆ ಅದನ್ನೂ ಬರೆದು ತಿಳಿಸಿ, ಸುಮ್ಮನಿರಬೇಡಿ.

ನಿಮ್ಮ ಜಾಗಕ್ಕೆ ಬಂದವರು ಹ್ಯಾಲೊರನ್ ಅಂತ, ಮೂವತ್ತಮೂರು ವರ್ಷ, ಕ್ಯಾಲಿಫೋರ್ನಿಯಾದ ಕಡೆಯವರು. ನಾನು ಅವರನ್ನು 'ಸರ್' ಎನ್ನುತ್ತೇನೆ, 'ಕೋಚ್' ಎನ್ನುವುದಿಲ್ಲ. ಅವರ ಆಟದಲ್ಲಿ ಬಾಲು ನೆಲದ ಮೇಲೆ ಇರುವುದೇ ಇಲ್ಲ, ಬರೀ ಗಾಳಿಯಲ್ಲಿ. ಎಸೆ, ಹಿಡಿ, ಎಸೆ, ಹಿಡಿ. ಬಾಲನ್ನು ಹೊಟ್ಟೆಗೆ ಒತ್ತಿಕೊಂಡು ಗುಂಪಿನ ನಡುವೆ ನುಗ್ಗುವ ಫುಲ್‌ಬ್ಯಾಕ್‌ಗೆ ಅಲ್ಲಿ ಜಾಗವೇ ಇಲ್ಲ. ಮೊದಲ ದಿನವೇ ಡಾರೆಲ್‌ನನ್ನು ಬೆಂಚಿಗೆ ಕೂರಿಸಿದರು. ಅವನು ಎರಡು ವಾರ ಯಾರ ಜೊತೆಗೂ ಮಾತಾಡಲಿಲ್ಲ. ಕಾಲೇಜು ಬಿಟ್ಟು ಅಪ್ಪನ ಜೊತೆ ಗಣಿಗೆ ಇಳಿಯುತ್ತೇನೆ ಎಂದ. (ಇದು ಬೇಡ ಎನ್ನುತ್ತಿದ್ದಾನೆ. ಬರೆಯೋ, ಬರೆಯೋ, ಕೋಚ್‌ಗೆ ಗೊತ್ತಾಗಲಿ.)

ಇನ್ನೊಂದು, ಪ್ರತಿ ಸಲ ಆಟ ನಿಂತಾಗ ಹನ್ನೊಂದು ಜನ ಸುತ್ತ ನಿಂತು ಕೈ ಹಿಡಿದುಕೊಂಡು ಮುಂದಿನ ಆಟ ಮಾತಾಡಿಕೊಳ್ಳುವುದನ್ನು ನೀವು ಕಲಿಸಿದ್ದಿರಲ್ಲ, ಅದನ್ನು ಹ್ಯಾಲೊರನ್ ತೆಗೆದುಹಾಕಿದರು. "ಗುಂಪು ಕಟ್ಟೋ ಹಾಗಿಲ್ಲ. ಬಿದ್ದಲ್ಲಿಂದ ಎದ್ದು ಸಾಲಿಗೆ ನಿಲ್ಲಿ, ನನ್ನ ಕೈ ನೋಡಿ" ಎಂದರು. ಹುಡುಗರು ತಲೆ ಆಡಿಸಿದರು. ಮೊದಲ ಪಂದ್ಯ ಶುರುವಾಯಿತು. ಒಂದು ಆಟ ಮುಗಿಯುವುದೇ ತಡ, ಹನ್ನೊಂದೂ ಜನ ಓಡಿ ಬಂದು ಸುತ್ತ ನಿಂತು ಕೈ ಹಿಡಿದುಕೊಂಡರು! ಹೇಳಲು ಯಾರ ಬಳಿಯೂ ಏನೂ ಇಲ್ಲ. ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಹೊತ್ತು ಮೀರಿತೆಂದು ದಂಡ ಬಿತ್ತು, ಐದು ಗಜ ಹಿಂದಕ್ಕೆ. ಹೀಗೆ ಏಳು ಸಲ. ಎದುರು ಕಡೆಯ ಜನ ಮೆಟ್ಟಿಲ ಮೇಲಿಂದ, "ಪ್ರಾರ್ಥನೆ ಮುಗೀತಾ? ಆಮೆನ್ ಹೇಳ್ರಪ್ಪಾ!" ಎಂದು ಕೂಗಿದರು. ನಲವತ್ತೊಂದು–ಮೂರರಲ್ಲಿ ಸೋತೆವು. ನನಗೆ ಅಳು ಬಂತು, ಒಳಗೊಳಗೆ ಸಂತೋಷವೂ ಆಯಿತು. ದೇವರು ಕ್ಷಮಿಸಲಿ.

ಹ್ಯಾಲೊರನ್ ಕೈಸನ್ನೆ ಮಾಡಿದರೆ ಹುಡುಗರಿಗೆ ಅರ್ಥವಾಗದು. ಬೈಬಲಿನಷ್ಟು ದಪ್ಪದ ಪುಸ್ತಕ ಕೊಟ್ಟರು, ಅದೂ ತಲೆಗೆ ಹತ್ತಲಿಲ್ಲ. ಆಮೇಲೆ ಒಂದು ಮಂಗಳವಾರ ಅವರು ನನ್ನ ಕೋಣೆಗೆ ಬಂದರು. ತಂತಿಯ ಮೇಲೆ ಹುಡುಗರ ಬಟ್ಟೆಚೀಲಗಳು ಒಣಗುತ್ತಿದ್ದವು. ನಿಮಗೆ ಗೊತ್ತಲ್ಲ, ನಾನು ಚೀಲಕ್ಕೆ ಹೆಸರು ಬರೆಯುವವನಲ್ಲ, ಚಿತ್ರ ಬರೆಯುವವನು. ನಮ್ಮ ಎಸೆತಗಾರ ಕರ್ಟಿಸ್‌ಗೆ ಹುಂಜ, ಡಾರೆಲ್‌ಗೆ ಹೇಸರಗತ್ತೆ. ಇಪ್ಪತ್ತೆರಡು ವರ್ಷ ಎಲ್ಲರೂ ಅದನ್ನು ನನ್ನ ತಮಾಷೆ ಎಂದುಕೊಂಡರು. ನಾಲ್ಕನೆಯ ಕ್ಲಾಸಿಗೇ ಗಣಿಗೆ ಹೋದ ನನಗೆ ಅಂಕಿ ಬಿಟ್ಟರೆ ಅಕ್ಷರ ಬಾರದು ಎಂದು ಬಲ್ಲವರು ನೀವೊಬ್ಬರೇ. ಪ್ರತಿ ಸೋಮವಾರ ಸಾಮಾನಿನ ಪಟ್ಟಿಯನ್ನು ನಿಮ್ಮಷ್ಟಕ್ಕೆ ನೀವೇ ಓದಿಕೊಳ್ಳುವವರ ಹಾಗೆ ನನ್ನ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದಿರಿ. ಯಾರಿಗೂ ಅನುಮಾನ ಬರಲಿಲ್ಲ.

"ಇದೇನು ಹೋಬರ್ಟ್?" ಎಂದರು ಹ್ಯಾಲೊರನ್.

"ಚಿತ್ರ ಆದ್ರೆ ದೂರದಿಂದ್ಲೂ ಬೇಗ ಕಾಣತ್ತೆ ಸರ್" ಎಂದೆ.

ಅವರು ಒಂದೊಂದೇ ಚೀಲವನ್ನು ತಿರುಗಿಸಿ ನೋಡಿದರು. "ಇವನ್ನೇ ದೊಡ್ಡ ಹಲಗೆ ಮೇಲೆ ಬರ್ಕೊಡ್ತೀರಾ?"

ನಾನು ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಇದೇ ಕೋಚ್, ನಾನು ಮಾಡಿದ್ದು.

ಹುಂಜದ ಹಲಗೆ ಎತ್ತಿದರೆ ಎಡಕ್ಕೆ ಉದ್ದನೆಯ ಎಸೆತ, ಕಾವಲಿಯ ಹಲಗೆ ಎತ್ತಿದರೆ ಬಲಕ್ಕೆ ಗಿಡ್ಡ ಎಸೆತ, ಹೀಗೆ ಹನ್ನೆರಡು ಹಲಗೆ. ಒಂದೇ ವಾರದಲ್ಲಿ ಹುಡುಗರು ಕಲಿತರು. ಗುಂಪು ಕಟ್ಟುವುದು ಬಿಟ್ಟರು, ಬಾಲು ಹಕ್ಕಿಯ ಹಾಗೆ ಹಾರಿತು, ಗೆಲ್ಲತೊಡಗಿದೆವು. ಹಲಗೆ ಎತ್ತಲು ನಾನು, ಸಹಾಯಕ್ಕೆ ಬೆಂಚಿನ ಮೇಲಿದ್ದ ಡಾರೆಲ್. ನಿಮ್ಮ ಆಟವನ್ನು ಈ ಮೈದಾನದಿಂದ ಒರೆಸಿಹಾಕಿದ ಕೈ ನನ್ನದು.

ಶಿಕ್ಷೆಯೂ ಆಯಿತು ಅನ್ನಿ. ಅಕ್ಟೋಬರಿನಲ್ಲಿ ಒಂದು ಪಂದ್ಯದ ಹಿಂದಿನ ದಿನ ಹ್ಯಾಲೊರನ್ ನನ್ನ ಕೈಗೊಂದು ಚೀಟಿ ಕೊಟ್ಟು ಹೋದರು. ಹುಂಜದ ಗುಟ್ಟು ಎದುರಿನವರಿಗೆ ಸಿಕ್ಕಿದೆ, ಎತ್ತಬೇಡಿ ಎಂದು ಬರೆದಿದ್ದರಂತೆ. ನಾನು ಮಡಿಚಿ ಜೇಬಿಗಿಟ್ಟು, ಮರುದಿನ ಹುಂಜವನ್ನೇ ಎತ್ತಿದೆ. ಕರ್ಟಿಸ್ ಎಸೆದದ್ದು ಸೀದಾ ಎದುರಿನವನ ಕೈಗೆ. ಹ್ಯಾಲೊರನ್ ಕೆಂಪಗಾಗಿ ಓಡಿ ಬಂದರು. "ಯಾರ್ರೀ ಎತ್ತಿದ್ದು?"

ಡಾರೆಲ್ ಮುಂದೆ ಬಂದ. "ನಾನೇ ಸರ್. ಮರ್ತೋಯ್ತು."

ಇಡೀ ವಾರ ಅವನು ಮೈದಾನ ಸುತ್ತಿದ. ನನಗೆ ಊಟ ಸೇರಲಿಲ್ಲ. ವರ್ನಾ ಮಾಡಿದ ಬೀನ್ಸ್ ಹಾಗೇ ಉಳಿಯಿತು. ಶುಕ್ರವಾರ ಅವನು ಬಂದು ಒದ್ದೆ ಟವಲುಗಳ ಮೇಲೆ ಕೂತ.

"ತಾತ, ನಿಮ್ಗೆ ಓದೋಕೆ ಬರಲ್ಲ, ಅಲ್ವಾ?"

"ಕನ್ನಡಕ ಮನೇಲಿ ಬಿಟ್ಟಿದ್ದೆ ಕಣೋ."

"ನಿಮ್ಗೆ ಕನ್ನಡಕಾನೇ ಇಲ್ಲ ತಾತ."

ಅವನು ಸೋಪಿನ ಡಬ್ಬವನ್ನು ನನ್ನ ಮುಂದೆ ಇಟ್ಟು, ಮೊದಲ ಅಕ್ಷರದ ಮೇಲೆ ಬೆರಳಿಟ್ಟ. ಅಂದಿನಿಂದ ದಿನಾ ಅರ್ಧ ಗಂಟೆ. ಮೇಷ್ಟ್ರು ಬಹಳ ಒರಟು. "ಹೇಸರಗತ್ತೆ ನಾನಾ ನೀವಾ?" ಎಂದು ಬೈಯುತ್ತಾನೆ.

ನಿನ್ನೆ ಕೊನೆಯ ಪಂದ್ಯ, ಬೆಟ್ಟದಾಚೆಯ ಪೈಕ್ ಗ್ಯಾಪ್‌ನವರ ಮೇಲೆ. ಅವರನ್ನು ನೀವು ಹೇಗೆ ಬೈಯುತ್ತಿದ್ದಿರಿ ಎಂಬುದನ್ನು ಭಾನುವಾರ ಬರೆಸಬಾರದು. ನಾಲ್ಕು ಅಂಕ ಹಿಂದೆ ಇದ್ದೆವು. ಕೊನೆಯ ಗೆರೆಗೆ ಎರಡೇ ಗಜ, ಉಳಿದದ್ದು ಒಂದೇ ಅವಕಾಶ. ಮಳೆಗೆ ಬಾಲು ಸೋಪಿನ ಹಾಗೆ ಜಾರುತ್ತಿತ್ತು, ಎಸೆಯುವ ಮಾತೇ ಇಲ್ಲ. ಹ್ಯಾಲೊರನ್ ಆಟ ನಿಲ್ಲಿಸಿ ನನ್ನ ಹತ್ತಿರ ಬಂದರು. ಅವರ ಟೋಪಿಯಿಂದ ನೀರು ಸುರಿಯುತ್ತಿತ್ತು.

"ಹೋಬರ್ಟ್, ಟ್ಯಾಕೆಟ್ ಇದ್ದಿದ್ರೆ ಇಲ್ಲಿ ಏನು ಮಾಡ್ತಿದ್ರು?"

ನಾನು ಹುಂಜದ ಹಲಗೆಯನ್ನು ತಿರುಗಿಸಿ ಎತ್ತಿದೆ. ಅದರ ಬೆನ್ನಿಗೆ ನಾನು ಮೊದಲು ಕೈ ಪಳಗಿಸಿಕೊಳ್ಳಲು ಬರೆದ ಚಿತ್ರವಿತ್ತು, ಹೇಸರಗತ್ತೆ. ಅವರು ಅದನ್ನು ನೋಡಿದರು, ಡಾರೆಲ್‌ನನ್ನು ನೋಡಿದರು. "ಹೋಗಪ್ಪ" ಎಂದರು.

ಡಾರೆಲ್ ಮೈದಾನಕ್ಕಿಳಿದ. ಯಾರೂ ಹೇಳದೆ ಹನ್ನೊಂದೂ ಜನ ಸುತ್ತ ನಿಂತು ಕೈ ಹಿಡಿದುಕೊಂಡರು. "ಯಾಕ್ರೋ ಮತ್ತೆ ಗುಂಪು!" ಎಂದು ಹ್ಯಾಲೊರನ್ ಕೂಗಿದರು, ಆಮೇಲೆ ತಾವೇ ಬಾಯಿ ಮುಚ್ಚಿಕೊಂಡರು. ಕರ್ಟಿಸ್ ಬಾಲನ್ನು ಡಾರೆಲ್‌ನ ಹೊಟ್ಟೆಗೆ ಇಟ್ಟ. ಇವನು ತಲೆ ತಗ್ಗಿಸಿದ. ಮುಂದಿನದು ನನಗೆ ಕಾಣಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಸದ್ದು ಕೇಳಿತು. ಕಣ್ಣು ಬಿಟ್ಟರೆ ನಾಲ್ಕು ಜನರ ಕೆಳಗಿಂದ ಇವನ ಕೈ ಹೊರಗೆ ಚಾಚಿತ್ತು, ಗೆರೆಯ ಆಚೆ, ಬಾಲಿನ ಸಮೇತ.

ಆ ಆರು ಅಂಕ ಸೇರಿ ಎರಡು ಅಂಕದಿಂದ ಗೆದ್ದೆವು. ಬಸ್ಸಿನಲ್ಲಿ ಹ್ಯಾಲೊರನ್ ನನ್ನ ಪಕ್ಕ ಕೂತು, "ಆ ಹಲಗೆ ಮುಂದಿನ ವರ್ಷಕ್ಕೂ ಇರ್ಲಿ" ಎಂದರು. ಒಳ್ಳೆಯ ಮನುಷ್ಯ ಕೋಚ್. ಹೇಳಲು ನಾಲಗೆ ತಡವರಿಸುತ್ತದೆ, ಆದರೂ ಒಳ್ಳೆಯವರು.

ಇಷ್ಟೇ. ಕೋಪ ಬಂದಿದ್ದರೆ ಬೈಯಿರಿ. ಚಳಿಗೆ ಕಿವಿ ಮುಚ್ಚಿಕೊಳ್ಳಿ, ಅಲ್ಲಿ ಚಳಿ ಇಲ್ಲದಿದ್ದರೂ. ನಿಮ್ಮ ಎದೆಯನ್ನು ದೇವರು ತನ್ನ ಅಂಗೈಯಲ್ಲಿಟ್ಟು ಕಾಯಲಿ ಎಂದು ಪ್ರತಿ ಬುಧವಾರ ಚರ್ಚಿನಲ್ಲಿ ನಾನೂ ವರ್ನಾಳೂ ಕೇಳಿಕೊಳ್ಳುತ್ತೇವೆ. ಡಾರೆಲ್ ತನ್ನ ಪ್ರೀತಿಯನ್ನೂ ಸೇರಿಸಿದ್ದಾನೆ.

ಎಂದೆಂದಿಗೂ ನಿಮ್ಮವನು,
ಹೋಬರ್ಟ್ ಸ್ಕಗ್ಸ್

ಮರೆತ ಮಾತು:

ಇದು ನನ್ನ ಕೈಬರಹ. ಡಾರೆಲ್ ಊಟಕ್ಕೆ ಹೋದ.

ನೀವು ಊರು ಬಿಟ್ಟ ಆ ಸೋಮವಾರ ನಾನು ಬಂದೆ. ನಿಮ್ಮ ಕೋಣೆ ಖಾಲಿ. ನನ್ನ ಬಟ್ಟೆ ಒಗೆಯುವ ಮಶೀನಿನ ಮೇಲೆ ನಿಮ್ಮ ಸೀಟಿ ಇತ್ತು. ಚೀಟಿ ಇರಲಿಲ್ಲ. ಎಲ್ಲರಿಗೂ ಚೀಟಿ ಬರೆದಿದ್ದಿರಿ. ಅಡುಗೆ ಮಾಡುವ ಫರ್ನ್‌ಗೂ ಇತ್ತು. ಅವಳು ಓದಿ ಅತ್ತಳು. ನಾನು ಅವಳ ಮುಖ ನೋಡುತ್ತ ನಿಂತೆ.

ಓದಲು ಬಾರದವನಿಗೆ ಯಾಕೆ ಅಂದುಕೊಂಡಿರಿ. ಸರಿಯೇ. ಆದರೂ ಬರೆಯಬೇಕಿತ್ತು ಕೋಚ್. ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದೆ.

ಈಗ ಬರೆಯಿರಿ. ದೊಡ್ಡ ಅಕ್ಷರ ಇರಲಿ. ಡಾರೆಲ್‌ಗೆ ಕೊಡುವುದಿಲ್ಲ. ನಾನೇ ಓದುತ್ತೇನೆ.